ಬೀಮಿಗೆ ಪೀಜೋ ತುಣುಕು ಅಂಟಿಸುವುದು ಹೇಗೆ?

ಮಳೆಗಾಲ ಮುಗಿದೊಡನೆ ಮುಂಬೈಯ ಹಳೆಯ ಸೊಸೈಟಿಗಳಲ್ಲಿ ಬೀಮುಗಳ ರಿಪೇರಿ ಶುರು. ರಿಪೇರಿಯಾದ ಜಾಗ ಒಳಗೊಳಗೇ ಮತ್ತೆ ಬಿರಿಯುತ್ತಿದೆಯೇ ಎಂದು ನೋಡಲು ಪಿಜೆಡ್‌ಟಿ ಎಂಬ ಪೀಜೋ ಸೆರಾಮಿಕ್ ತುಣುಕನ್ನು ಅಂಟಿಸಬಹುದು. ವಿದ್ಯುತ್ ಕೊಟ್ಟರೆ ಅದು ಕಂಪಿಸುತ್ತದೆ. ಕಾಂಕ್ರೀಟು ಆ ಕಂಪನವನ್ನು ಎಷ್ಟು ತಡೆಯುತ್ತದೆ ಎಂಬುದು ತುಣುಕಿನ ವಿದ್ಯುತ್ ಅಳತೆಯಲ್ಲೇ ಕಾಣುತ್ತದೆ. 30 ವರ್ಷ ದಾಟಿದ ಕಟ್ಟಡಕ್ಕೆ ಕಡ್ಡಾಯವಾದ ಸ್ಟ್ರಕ್ಚರಲ್ ಆಡಿಟ್‌ಗೆ, ಅಂದರೆ ಕಟ್ಟಡದ ಗಟ್ಟಿತನದ ತಪಾಸಣೆಗೆ, ಇದು ಬದಲಿಯಲ್ಲ.

10×10 ಮಿ.ಮೀ. ಅಗಲದ, 0.3 ಮಿ.ಮೀ. ದಪ್ಪದ ತುಣುಕು ಕೊಳ್ಳಿ. ಎರಡೂ ಎಲೆಕ್ಟ್ರೋಡ್ ಮೇಲ್ಮುಖದಲ್ಲೇ ಇರುವಂಥದ್ದೇ ಬೇಕು, ಇಲ್ಲದಿದ್ದರೆ ಅಡಿಯಿಂದ ತಂತಿ ಎಳೆಯಬೇಕಾಗಿ ತುಣುಕು ಓರೆಯಾಗಿ ಕೂರುತ್ತದೆ. ಕಾಂಕ್ರೀಟಿನಲ್ಲಿ ಒಂದು ತುಣುಕಿನ ಕಣ್ಣು ಸುಮಾರು 40 ಸೆಂ.ಮೀ.ಗಿಂತ ಆಚೆ ಹೋಗದು. ಬೀಮಿನ ನಡುಭಾಗದ ಅಡಿ ಮತ್ತು ಕಂಬದ ಹತ್ತಿರದ ಬದಿ, ಇವೆರಡು ಜಾಗ ಬಿಡಬೇಡಿ.

ಕೆಲಸ ಕೆಡುವುದು ಮುಂದಿನ ಹಂತದಲ್ಲಿ. ಸೊಸೈಟಿ ಕಮಿಟಿಯಲ್ಲಿರುವ ನಮ್ಮವರು ಕಂಟ್ರಾಕ್ಟರನ್ನು ಕೇಳಬೇಕಾದದ್ದು ಒಂದೇ: ಪ್ಲಾಸ್ಟರ್ ಕೆತ್ತಿದ್ದೀರಾ? ಪ್ಲಾಸ್ಟರಿನ ಮೇಲೆ ಅಂಟಿಸಿದರೆ ಪ್ಲಾಸ್ಟರಿನ ಆರೋಗ್ಯವಷ್ಟೇ ತಿಳಿಯುತ್ತದೆ. ಕಾಂಕ್ರೀಟು ಕಾಣುವವರೆಗೆ ಕೆತ್ತಿ, 80 ನಂಬರಿನ, ಆಮೇಲೆ 220ರ ಸ್ಯಾಂಡ್‌ಪೇಪರಿನಿಂದ ಉಜ್ಜಿ. ರಾತ್ರಿಯಿಡೀ ಪ್ಲಾಸ್ಟಿಕ್ ಹಾಳೆಯೊಂದನ್ನು ಅಲ್ಲಿ ನಾಲ್ಕೂ ಅಂಚು ಮುಚ್ಚುವಂತೆ ಟೇಪು ಹಾಕಿ ಬಿಡಿ. ಬೆಳಿಗ್ಗೆ ಒಳಗೆ ಹನಿ ಕಂಡರೆ ಇನ್ನೂ ಒಣಗಬೇಕು. ಜುಲೈಯಲ್ಲಂತೂ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಒಣಗಿದ ಮೇಲೆ ಎಪಾಕ್ಸಿಯ ತೆಳು ಪದರ ಬಳಿದು ರಂಧ್ರ ಮುಚ್ಚಿ, ಗಟ್ಟಿಯಾದಾಗ ಮತ್ತೆ ಉಜ್ಜಿ, ಅಸಿಟೋನಿನಲ್ಲಿ ಒರೆಸಿ. ಆಮೇಲೆ ಬೆರಳು ತಾಗಿಸಬಾರದು.

ಅಂಟು ನಿಧಾನ ಗಟ್ಟಿಯಾಗುವ ಎರಡು ಟ್ಯೂಬಿನ ಎಪಾಕ್ಸಿಯೇ ಆಗಬೇಕು. ಐದು ನಿಮಿಷದ ಎಪಾಕ್ಸಿ ಬಿಸಿಲಿಗೆ ಮೆತ್ತಗಾಗುತ್ತದೆ. ಪೈಪು ಮೆತ್ತುವ ಪುಟ್ಟಿಯಂಥದ್ದು ದಪ್ಪ. ಪದರ 0.1 ಮಿ.ಮೀ. ಮೀರಿದರೆ ಕಂಪನವನ್ನು ಅಂಟೇ ನುಂಗಿಬಿಡುತ್ತದೆ. ನಡುವೆ ಒಂದೇ ಹನಿ ಇಟ್ಟು, ತುಣುಕನ್ನು ಕೂರಿಸಿ, ಮೇಲೆ ಪಾಲಿಥಿನ್ ಚೂರು, ಅದರ ಮೇಲೆ ರಬ್ಬರ್ ತುಂಡು ಇಟ್ಟು ಮರದ ಪಟ್ಟಿಯಿಂದ ಊರುಗೋಲು ಕೊಡಿ. ನಾಲ್ಕೂ ಅಂಚಿನಿಂದ ಅಂಟು ತೆಳುವಾಗಿ ಹೊರಬಂದರೆ ಸರಿ. ಹೆಬ್ಬೆರಳಿನಿಂದ ಒತ್ತಬೇಡಿ, ಒತ್ತಿದರೆ ‘ಟಿಕ್’ ಎಂದು ಒಡೆಯುತ್ತದೆ. ಅಲ್ಲಿಗೆ ತುಣುಕಿನ ಕಥೆ ಮುಗಿಯಿತು. 24 ಗಂಟೆ ಅಲುಗಿಸಬೇಡಿ.

ತಂತಿಯ ಬೆಸುಗೆ ಎರಡು ಸೆಕೆಂಡಿನೊಳಗೆ ಮುಗಿಯಲಿ, ಹೆಚ್ಚು ಕಾದರೆ ತುಣುಕು ತನ್ನ ಗುಣವನ್ನೇ ಕಳೆದುಕೊಳ್ಳುತ್ತದೆ. ಮೇಲೆ ಸಿಲಿಕೋನ್ ಹಚ್ಚಿ. ವಿನೆಗರ್ ವಾಸನೆಯ ಅಗ್ಗದ ಸಿಲಿಕೋನ್ ಬೇಡ, ಅದು ತಾಮ್ರವನ್ನು ತಿನ್ನುತ್ತದೆ.

ವಾರ ಬಿಟ್ಟು ಮೂಲ ಅಳತೆ ತೆಗೆಯಿರಿ: 30ರಿಂದ 400 ಕಿಲೋಹರ್ಟ್ಜ್, ಇಂಪಿಡೆನ್ಸ್ ಅನಲೈಸರಿನಲ್ಲಿ, ಅಂದರೆ ಪ್ರತಿ ಕಂಪನಾಂಕದಲ್ಲೂ ತುಣುಕಿನ ವಿದ್ಯುತ್ ತಡೆಯನ್ನು ಅಳೆದು ಗೆರೆ ಬರೆಯುವ ಉಪಕರಣದಲ್ಲಿ. ಎಡಿ5933 ಚಿಪ್ಪಿನ ಅಗ್ಗದ ಬೋರ್ಡು 100 ಕಿಲೋಹರ್ಟ್ಜ್‌ಗೇ ನಿಲ್ಲುತ್ತದೆ. ಒಂದು ಕಿಲೋಓಮ್‌ಗಿಂತ ಕೆಳಗೆ ಹೆಚ್ಚುವರಿ ಸರ್ಕ್ಯೂಟ್ ಇಲ್ಲದೆ ಅದನ್ನು ನಂಬಲಾಗದು. ಪ್ರತಿ ಸಲ ಅದೇ ಕೇಬಲ್, ಅದೇ ಮುಂಜಾನೆಯ ಹೊತ್ತು. ಆ ಗೆರೆಯ ಶಿಖರಗಳೆಲ್ಲ ಒಟ್ಟಾಗಿ ಪಕ್ಕಕ್ಕೆ ಸರಿದರೆ ಹೆಚ್ಚಾಗಿ ಅದು ಸೆಕೆಯ ಕೆಲಸ; ಹೊಸ ಶಿಖರ ಎದ್ದರೆ, ಆಕಾರವೇ ಬದಲಾದರೆ ಇಂಜಿನಿಯರನ್ನು ಕರೆಸಿ. ಕರೆಸುವ ಮುನ್ನ ಸಸೆಪ್ಟೆನ್ಸ್ (ತುಣುಕಿನ ಕೆಪಾಸಿಟರ್ ಗುಣವನ್ನು ತೋರಿಸುವ ಅಳತೆ) ಗೆರೆಯ ಇಳಿಜಾರನ್ನೂ ನೋಡಿ. ಅದು ಮೇಲೇರಿದ್ದರೆ ಅಂಟು ಬಿಟ್ಟಿದೆ, ಕೆಳಗಿಳಿದಿದ್ದರೆ ತುಣುಕು ಒಡೆದಿದೆ, ಬೀಮಿನ ತಪ್ಪಲ್ಲ.