ಹಳೆಯ ಟೂರಿಂಗ್ ಸೈಕಲ್: ದುರಸ್ತಿಯೋ, ಹೊಸದೋ?

ದೂರದ ಪ್ರಯಾಣಕ್ಕೆ ಬಳಸಿದ ಹಳೆಯ ಸೈಕಲ್ಲಿಗೆ ಹೊಸ ಬಿಡಿಭಾಗಗಳನ್ನು ಹಾಕಿಸಬೇಕೇ ಅಥವಾ ಸೈಕಲ್ಲನ್ನೇ ಬದಲಿಸಬೇಕೇ ಎಂದು ಯೋಚಿಸುವವರು ಮೊದಲು ನೋಡಬೇಕಾದದ್ದು ಗೇರನ್ನಲ್ಲ, ಫ್ರೇಮನ್ನು. ಪೆಡಲ್ ಅಚ್ಚಿನ ಸುತ್ತ, ಹಿಂಚಕ್ರ ಕೂರುವ ಜಾಗದಲ್ಲಿ ಮತ್ತು ಹ್ಯಾಂಡಲ್ ಕೆಳಗಿನ ಬೆಸುಗೆಗಳಲ್ಲಿ ಬಿರುಕು ಇದೆಯೇ ಎಂದು ಕೊಳೆ ಒರೆಸಿ ಪರೀಕ್ಷಿಸಿ. ಉಕ್ಕಿನ ಫ್ರೇಮಾದರೆ ಸಣ್ಣ ಬಿರುಕಿಗೆ ಬೆಸುಗೆ ಹಾಕಿಸಬಹುದು. ಅಷ್ಟೇ ಅಲ್ಲ, ಹಿಂಚಕ್ರವನ್ನು ಹಿಡಿಯುವ ಎರಡು ಕವಲುಗಳ ನಡುವಿನ 126 ಮಿ.ಮೀ. ಅಂತರವನ್ನು ನುರಿತವರಿಂದ 130 ಮಿ.ಮೀ.ಗೆ ಹಿಗ್ಗಿಸಿ ಈಚಿನ ಹಬ್ (ಚಕ್ರದ ನಡುಭಾಗದ ಗುಂಬ) ಕೂರಿಸಬಹುದು. ಅಲ್ಯೂಮಿನಿಯಂ ಫ್ರೇಮಿನಲ್ಲಿ ಈ ಸಾಹಸ ಖಂಡಿತ ಬೇಡ. 27 ಇಂಚಿನ ಹಳೆಯ ಚಕ್ರದ ರಿಮ್ಮಿನಲ್ಲಿ ಟೈರ್ ಕೂರುವ ವ್ಯಾಸ 630 ಮಿ.ಮೀ. ಇದ್ದು, ಟೈರ್‌ಗಳ ಆಯ್ಕೆ ಹೆಚ್ಚಿರುವ 700ಸಿ ಎಂಬ ಅಳತೆಯ ರಿಮ್ಮಿನದು 622 ಮಿ.ಮೀ. ಇರುವುದರಿಂದ, ಬ್ರೇಕ್ ಪ್ಯಾಡನ್ನು 4 ಮಿ.ಮೀ. ಕೆಳಗಿಳಿಸಲು ಸಾಧ್ಯವಾದರೆ ಚಕ್ರ ಬದಲಿಸಿದರೆ ಸಾಕು, ತುಸು ಅಗಲದ ಟೈರಿಗೂ ಜಾಗ ಸಿಗುತ್ತದೆ. ಚೈನು, ಹಲ್ಲುಚಕ್ರ, ಕೇಬಲ್, ಟೈರ್ ಇವೆಲ್ಲ ಹೇಗೂ ಸವೆಯುವ ವಸ್ತುಗಳಾದ್ದರಿಂದ ಅವುಗಳ ಖರ್ಚನ್ನು ಹಳೆಯ ಸೈಕಲ್ಲಿನ ದೋಷವೆಂದು ಎಣಿಸುವುದು ನ್ಯಾಯವಲ್ಲ. ಆದರೆ ಡಿಸ್ಕ್ ಬ್ರೇಕ್ ಬೇಕೇ ಬೇಕು ಎನ್ನುವವರು, ಅಥವಾ ಫ್ರೇಮಿನ ಅಳತೆಯೇ ಮೈಗೆ ಒಗ್ಗದೆ ಪ್ರತಿ ಪ್ರಯಾಣದಲ್ಲೂ ಬೆನ್ನು ನೋಯಿಸಿಕೊಳ್ಳುವವರು, ಬಿಡಿಭಾಗಗಳಿಗೆ ಹಣ ಸುರಿಯದೆ ಹೊಸದನ್ನೇ ಕೊಳ್ಳುವುದು ಲೇಸು. ಆಗಲೂ ಹಳೆಯ ಸೀಟನ್ನು ಬಿಚ್ಚಿ ಇಟ್ಟುಕೊಳ್ಳಿ. ಕೂತು ಕೂತು ಪಳಗಿದ ಚರ್ಮದ ಸೀಟು ಹೊಸ ಸೈಕಲ್ಲಿನೊಂದಿಗೆ ಬರುವುದಿಲ್ಲ.