ಕ್ರಷರ್ ಧೂಳು, ಬೋರ್‌ವೆಲ್ ನೀರು ಮತ್ತು ಕಾರ್ ಸರ್ವೀಸ್

ಚಿಕ್ಕಬಳ್ಳಾಪುರದ ಗೆಳೆಯರೇ, ಕ್ರೆಟಾ, ಬ್ರೆಝಾ ಥರದ ಪೆಟ್ರೋಲ್ ಕಾರು ತಗೊಂಡವರಿಗೆ ಒಂದೆರಡು ಮಾತು. ಸಾಮಾನ್ಯವಾಗಿ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಸರ್ವೀಸ್. ಗಾಡಿ ಮನೆ ಮುಂದೆಯೇ ನಿಂತಿದ್ದರೂ ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು.

ನಮ್ಮ ಕಡೆ ಕ್ರಷರ್ ಧೂಳು ಜಾಸ್ತಿ, ಅಲ್ವಾ? ಏರ್ ಫಿಲ್ಟರ್ ಕಂಪನಿ ಹೇಳಿದಷ್ಟು ದಿನ ಬರುವುದಿಲ್ಲ. ನಡುವೆ ಒಮ್ಮೆ ತೆಗೆದು ನೋಡಿ. ಎಸಿ ಫಿಲ್ಟರ್ ಹೆಚ್ಚಿನ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆಯೇ ಇರುತ್ತದೆ. ನೀವೇ ಹಾಕಿಕೊಂಡರೆ ಲೇಬರ್ ಚಾರ್ಜ್ ಉಳಿಯುತ್ತದೆ.

ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಕಡಿಮೆಯಾಯಿತೆಂದು ಬೋರ್‌ವೆಲ್ ನೀರು ಸುರಿಯಲೇಬೇಡಿ. ಈ ಗಡಸು ನೀರಿಗೆ ಅಡುಗೆಮನೆ ಪಾತ್ರೆಯೇ ಬಿಳಿ ಕಟ್ಟುತ್ತದೆ, ಇನ್ನು ರೇಡಿಯೇಟರ್‌ನ ಸಣ್ಣ ಕೊಳವೆಗಳ ಗತಿ? ಕಂಪನಿ ಹೇಳಿದ ಕೂಲೆಂಟನ್ನೇ ಹಾಕಿ, ಅದೂ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ.

ನಂದಿ ಬೆಟ್ಟ ಇಳಿಯುವಾಗ ಕೆಳಗಿನ ಗೇರಲ್ಲಿ ಬನ್ನಿ, ಬ್ರೇಕ್ ಪ್ಯಾಡ್ ಬಾಳುತ್ತದೆ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ.

ಬಿಲ್ ಏರುವುದು ಹೆಚ್ಚಾಗಿ ಎಂಜಿನ್ ಫ್ಲಶ್ (ಎಂಜಿನ್ ಒಳಗೆ ತೊಳೆಯುವುದು), ಪಾಲಿಶ್, ಎಸಿ ಸ್ಪ್ರೇ ಅಂತ ಸುಮ್ನೆ ಸೇರಿಸುವುದರಿಂದ. ಜಾಬ್ ಕಾರ್ಡ್‌ಗೆ (ಮಾಡಬೇಕಾದ ಕೆಲಸಗಳ ಪಟ್ಟಿಗೆ) ಸಹಿ ಹಾಕುವ ಮೊದಲೇ ಎಸ್ಟಿಮೇಟ್ ಬರೆಸಿಕೊಳ್ಳಿ. ಲೇಬರ್ ಮೇಲೆ ಶೇ. 18 ಜಿಎಸ್‌ಟಿ ಬೀಳುತ್ತದೆ, ಅದು ಸೇರಿದೆಯೇ ಎಂದೂ ಕೇಳಿ.