ಹಳೇ ಲ್ಯಾಪ್‌ಟಾಪ್ ಕೈಕೊಟ್ಟಾಗ ಅಗ್ಗದಲ್ಲಿ ಇನ್ನೊಂದು ಕೊಳ್ಳುವುದು ಹೇಗೆ?

ಮೊದಲು ಕೆಟ್ಟ ಲ್ಯಾಪ್‌ಟಾಪನ್ನು ಎಚ್‌ಡಿಎಂಐ ಕೇಬಲ್‌ನಲ್ಲಿ ಟಿವಿಗೆ ಜೋಡಿಸಿ ನೋಡಿ. ಟಿವಿಯಲ್ಲಿ ಚಿತ್ರ ಬಂದರೆ ಹೋದದ್ದು ಪರದೆ ಅಥವಾ ಅದರ ಕೇಬಲ್; ರಿಪೇರಿಯೇ ಲಾಭ. ಮದರ್‌ಬೋರ್ಡೇ ಸುಟ್ಟಿದ್ದರೂ ಫೈಲುಗಳಿರುವ ಎಸ್‌ಎಸ್‌ಡಿ ಬಿಚ್ಚಿಟ್ಟುಕೊಳ್ಳಿ. ಯುಎಸ್‌ಬಿ ಕೇಸಿಗೆ ಹಾಕಿದರೆ ಫೈಲುಗಳು ಸಿಗುತ್ತವೆ. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಇದ್ದರೆ ಮಾತ್ರ 48 ಅಂಕಿಯ ರಿಕವರಿ ಕೀ ಬೇಕು.

ಹೊಸದರಲ್ಲಿ ತೀರಾ ಅಗ್ಗದ್ದು ಬೇಡ. ಸೆಲೆರಾನ್ ಪ್ರೊಸೆಸರ್, 4 ಜಿಬಿ ರ್‍ಯಾಮ್, ಬೋರ್ಡಿಗೆ ಬೆಸೆದ 64 ಜಿಬಿ ಇಎಂಎಂಸಿ ಸಂಗ್ರಹ ಇದ್ದರೆ ವಿಂಡೋಸ್ ಅಪ್‌ಡೇಟಿಗೇ ಜಾಗ ಸಾಲದು, ಮುಂದೆ ಹೆಚ್ಚಿಸಲೂ ಆಗದು. ಅದಕ್ಕಿಂತ ಕಂಪನಿಗಳು ಬಳಸಿ ಬಿಟ್ಟ ಲೆನೊವೊ ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 7490, ಎಚ್‌ಪಿ ಎಲೈಟ್‌ಬುಕ್ 840 ಜಿ5 ಎಷ್ಟೋ ವಾಸಿ. ರ್‍ಯಾಮ್ 8 ಜಿಬಿಗಿಂತ ಕಡಿಮೆ ಬೇಡ.

'ಐ5 ಪ್ರೊಸೆಸರ್ ಇದೆ' ಎಂಬ ಮಾತಿಗೆ ಮರುಳಾಗಬೇಡಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಸಾಮಾನ್ಯವಾಗಿ 8ನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಇಂಟೆಲ್ ಪ್ರೊಸೆಸರ್ ಬೇಕು. ಐ5-8350ಯು ನಡೆಯುತ್ತದೆ, ಐ5-7300ಯು ನಡೆಯುವುದಿಲ್ಲ. ನೋಡಲು ಟಿ480ರಂತೆಯೇ ಇರುವ ಟಿ470ಯಲ್ಲಿ ಎರಡನೆಯದೇ ಇರಬಹುದು.

ತೇವಕ್ಕೆ ಹಪ್ಪಳ ಮೆತ್ತಗಾಗುವ ಕರಾವಳಿ ನಮ್ಮದು. ಮಂಗಳೂರು, ಉಡುಪಿಯಲ್ಲೇ ನಾಲ್ಕು ಮಳೆಗಾಲ ಕಂಡ ಯಂತ್ರವಾದರೆ ಮೊದಲು ಟಾರ್ಚ್ ಹಿಡಿದು ಯುಎಸ್‌ಬಿ ಕಿಂಡಿಯೊಳಗೆ ನೋಡಿ. ಹಸಿರು ಕಿಲುಬು, ಸ್ಕ್ರೂ ತಲೆಯಲ್ಲಿ ತುಕ್ಕು ಕಂಡರೆ ಕೆಳಕವಚ ತೆಗೆಸಿ ಬೋರ್ಡ್ ನೋಡದೆ ದುಡ್ಡು ಕೊಡಬೇಡಿ. ಉಪ್ಪುಗಾಳಿಗೆ ಕನೆಕ್ಟರ್ ತಿಂದುಹೋದ ಯಂತ್ರ ಅಂಗಡಿಯಲ್ಲಿ ಸರಿಯಾಗಿಯೇ ಓಡುತ್ತದೆ, ಮಳೆ ಸುರಿಯುವ ಆಟಿ ತಿಂಗಳಲ್ಲಿ ಒಂದು ದಿನ ಏಳುವುದೇ ಇಲ್ಲ.

ಬ್ಯಾಟರಿಗೆ ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ, ಒಂದು ಸ್ಪೇಸ್, ಸ್ಲ್ಯಾಶ್, ಬ್ಯಾಟರಿರಿಪೋರ್ಟ್ ಎಂದು ಇಂಗ್ಲಿಷಿನಲ್ಲಿ ಟೈಪಿಸಿ. ವರದಿಯ ಡಿಸೈನ್ ಕೆಪ್ಯಾಸಿಟಿಗೆ (ಹೊಸದಿದ್ದಾಗಿನ ಸಾಮರ್ಥ್ಯ) ಫುಲ್ ಚಾರ್ಜ್ ಕೆಪ್ಯಾಸಿಟಿಯನ್ನು (ಈಗ ತುಂಬುವಷ್ಟು) ಹೋಲಿಸಿ. ಶೇ. 70ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಬೆಲೆ ಕಳೆದೇ ಚೌಕಾಸಿ ಮಾಡಿ. ಟಿ480ಗೆ ಒಳಗೊಂದು, ಹೊರಗೊಂದು ಬ್ಯಾಟರಿ. ಎರಡರ ಲೆಕ್ಕವನ್ನೂ ನೋಡಿ. ಅದರ ಎರಡೂ ಟೈಪ್-ಸಿ ಕಿಂಡಿಗಳಲ್ಲಿ ಚಾರ್ಜ್ ಆಗುವುದೇ ಎಂದೂ ಪರೀಕ್ಷಿಸಿ. ಅವುಗಳಲ್ಲಿ ಒಂದು ಥಂಡರ್‌ಬೋಲ್ಟ್ ಎಂಬ ವೇಗದ ಕಿಂಡಿ; ಅದರ ಒಳಗಿನ ತಂತ್ರಾಂಶ (ಫರ್ಮ್‌ವೇರ್) ಹಳೆಯದಾಗಿದ್ದರೆ ಅದಕ್ಕೆ ತೊಂದರೆಯಾಗುವುದುಂಟು.

ಆನ್ ಮಾಡುತ್ತಲೇ ಬಯೋಸ್‌ಗೆ, ಅಂದರೆ ವಿಂಡೋಸ್‌ಗೂ ಮೊದಲಿನ ಸೆಟ್ಟಿಂಗ್ ಪುಟಕ್ಕೆ, ಹೋಗಿ (ಥಿಂಕ್‌ಪ್ಯಾಡ್‌ನಲ್ಲಿ ಎಫ್1, ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10). ಪಾಸ್‌ವರ್ಡ್ ಕೇಳಿದರೆ ಆ ಯಂತ್ರವನ್ನೇ ಬಿಟ್ಟುಬಿಡಿ. ವಿಂಡೋಸ್ ರೀಸೆಟ್ ಮಾಡಿ ಇಂಟರ್ನೆಟ್ ಕೊಟ್ಟಾಗ ಯಾವುದೋ ಕಂಪನಿಯ ಹೆಸರು ತೋರಿಸಿ ಅಲ್ಲಿನ ಲಾಗಿನ್ ಕೇಳಿದರೆ ಅದು ಇನ್ನೂ ಆ ಕಂಪನಿಯ ನೋಂದಣಿಯಲ್ಲೇ ಇದೆ, ಅದೂ ಬೇಡ. ಕೋರ್ಸ್ ಮುಗಿಸಿ ಮಣಿಪಾಲದಿಂದ ಹೊರಟವರ ಹತ್ತಿರ ಕೊಳ್ಳುವಾಗಲೂ ಇದನ್ನು ಬಿಡಬೇಡಿ. ಬಿಲ್ಲಿನ ಸೀರಿಯಲ್ ನಂಬರ್ ಯಂತ್ರದ ಅಡಿಯದರೊಂದಿಗೆ ತಾಳೆಯಾಗಬೇಕು.

ತಂದ ಮೇಲೆ ಮಳೆಗಾಲದಲ್ಲಿ ಕಪಾಟಿನೊಳಗೆ ಇಟ್ಟು ಮರೆಯಬೇಡಿ. ದಿನಾ ಓಡಿಸಿದರೆ ಅದರ ಬಿಸಿಗೇ ತೇವ ಆರುತ್ತದೆ. ಚಾರ್ಜ್ ಮಾಡುವಾಗ ಲೋಹದ ಮೈ ಮುಟ್ಟಿದರೆ ಜುಮ್ಮೆನ್ನುತ್ತಿದ್ದರೆ ಪ್ಲಗ್ಗಿನ ಅರ್ಥಿಂಗ್ ನೋಡಿಸಿ. ಸಿಡಿಲು ಶುರುವಾದರೆ ಚಾರ್ಜರ್ ಜೊತೆ ಲ್ಯಾನ್ ಕೇಬಲನ್ನೂ ಕಿತ್ತಿಡಿ.